ಕಾಣೆಯಾದ ಬಿಸಿ ಪೆಟ್ಟಿಗೆ

“ಶಾಮಲಾ, ಎಮ್ಮೆ ಕಾಣ್ತಾ ಇಲ್ಲ ಮಾರಾಯ್ತಿ.”

ನಾನು ಇನ್ನೂ ಕೊಡೆ ಮಡಚಿರಲಿಲ್ಲ. ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಸೇವಂತಿ ಪ್ಯಾಸೇಜಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಪ್ಲಾಸ್ಟಿಕ್ ಹೊದಿಕೆ ನೆಲದ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಅದರ ಕೆಳಗೆ ಇರಬೇಕಾದದ್ದು ಇರಲಿಲ್ಲ.

“ಕಾಣ್ತಾ ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ. ನಡ್ಕೊಂಡು ಹೋಯ್ತೋ ಏನೋ. ಚಕ್ರ ಉಂಟಲ್ಲ ಅದಕ್ಕೆ.”

1991ರ ಜುಲೈ ಎಂಟು, ಸೋಮವಾರ ಬೆಳಿಗ್ಗೆ. ಎಮ್ಮೆ ಎಂದು ನಾವು ಕರೆಯುತ್ತಿದ್ದದ್ದು ನಮ್ಮ ಆಫೀಸಿನ ಹಳೆಯ ಯುಪಿಎಸ್ಸನ್ನು. ಕರೆಂಟು ಹೋದಾಗ ಕಂಪ್ಯೂಟರು ಆರದಂತೆ ಬ್ಯಾಟರಿಯಿಂದ ನಡೆಸುವ ಯಂತ್ರ ಅದು. ಸೊಂಟದೆತ್ತರದ ಕರಿ ಕಬ್ಬಿಣದ ಪೆಟ್ಟಿಗೆ. ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ಹಗಲೂ ರಾತ್ರಿ ಬಿಸಿ ಕಾರುತ್ತಿತ್ತು.

ಬೇಸಿಗೆಯಲ್ಲಿ ಅದನ್ನು ಬೈಯದವರಿರಲಿಲ್ಲ. ಮಳೆಗಾಲದಲ್ಲಿ ಮಾತ್ರ ಅದು ನಮ್ಮೆಲ್ಲರದು. ಕುರ್ಲಾದಿಂದ ಲೋಕಲ್ ರೈಲಿನಲ್ಲಿ ನೆನೆದು ಬರುವ ನನ್ನ ಕರವಸ್ತ್ರಕ್ಕೆ ಅದರ ತಲೆಯ ಮೇಲೆ ಎಡಗಡೆಯ ಮೂಲೆ. ಬಲಗಡೆ ಸೇವಂತಿಯ ದುಪಟ್ಟಾ. ನಡುವೆ ಆಫೀಸಿನ ಹಿರಿಯ ಕೆಲಸಗಾರ ಮುರಿಗೆಪ್ಪನವರ ಬಿಳಿ ಟೋಪಿ. ಹಾಗೆಂದು ಯಾರೂ ಹಂಚಿಕೊಟ್ಟಿರಲಿಲ್ಲ. ಆದರೂ ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ಬೆಚ್ಚಗಿನ ಕಬ್ಬಿಣದ ಮೇಲೆ ಬಟ್ಟೆ ಒಣಗುವ ಆ ವಾಸನೆ ಈಗಲೂ ಯಾವುದಾದರೂ ಇಸ್ತ್ರಿ ಅಂಗಡಿಯ ಮುಂದೆ ಬಂದರೆ ನಾನು ಒಂದು ಗಳಿಗೆ ನಿಲ್ಲುತ್ತೇನೆ.

ಆಂಟಾಪ್ ಹಿಲ್‌ನ ಹಳೇ ಬಿಲ್ಡಿಂಗೊಂದರ ನೆಲಮಹಡಿ ನಮ್ಮದು. ಮುಂದಿನ ಎರಡು ಕೋಣೆಗಳಲ್ಲಿ ಆಫೀಸು—ಕನ್ನಡ ಪುಸ್ತಕ, ಲಗ್ನಪತ್ರಿಕೆ, ಸಂಘಗಳ ಸ್ಮರಣ ಸಂಚಿಕೆಗಳ ಅಕ್ಷರ ಜೋಡಣೆ. ಮಾಲೀಕರು ಕೃಷ್ಣಮೂರ್ತಿ; ಎಲ್ಲರ ಬಾಯಲ್ಲಿ ಕಿಟ್ಟು ಸರ್. ಅವರ ತಂದೆಯ ಕಾಲದಲ್ಲಿ ಅದು ಸೀಸದ ಅಕ್ಷರ ಮೊಳೆ ಜೋಡಿಸುವ ಪ್ರೆಸ್ಸು. ಎಂಬತ್ತೆಂಟರಲ್ಲಿ ಎರಡು ಕಂಪ್ಯೂಟರ್ ಬಂದವು, ಜೊತೆಗೆ ಎಮ್ಮೆ.

ಹಿಂದಿನ ಕೋಣೆಗಳಲ್ಲಿ ಅವರ ಮನೆ. ಎಪ್ಪತ್ತು ದಾಟಿದ ತಾಯಿ ಕೌಸಲ್ಯಮ್ಮ, ಜೂನ್ ನಡುವಿನಲ್ಲಿ ಹೆರಿಗೆಯಾಗಿದ್ದ ಮಗಳು ವನಮಾಲಾ, ಕೂಸು. ಕಿಟ್ಟು ಸರ್ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ತಾಯಿಯಿಲ್ಲದ ಹುಡುಗಿಯ ಬಾಣಂತನವನ್ನು ಅಜ್ಜಿಯೇ ಮಾಡುತ್ತಿದ್ದರು. ಕಂಪ್ಯೂಟರ್ ಕೋಣೆಯ ಹಿಂಗೋಡೆಯೇ ಬಾಣಂತಿ ಕೋಣೆಯ ಗೋಡೆ. ಆ ಗೋಡೆಗೆ ತಾಗಿಸಿಯೇ ಎಮ್ಮೆ ಮೂರು ವರ್ಷ ನಿಂತಿದ್ದದ್ದು.

ಜುಲೈ ಒಂದಕ್ಕೆ ಹೊಸ ಯುಪಿಎಸ್ ಬಂತು. ಹಾರ್ಮೋನಿಯಂ ಪೆಟ್ಟಿಗೆಯಷ್ಟು ಗಾತ್ರ, ಹಾಲಿನ ಬಣ್ಣ. ಸದ್ದಿಲ್ಲ, ಬಿಸಿಯಿಲ್ಲ, ಬ್ಯಾಟರಿಗೆ ನೀರು ಹಾಕುವ ಕೆಲಸವೂ ಇಲ್ಲ. ಸೇವಂತಿ ಅದರ ಮೇಲೆ ಅಂಗೈ ಇಟ್ಟು, “ತಣ್ಣಗೆ ಹೆಣದ ಹಾಗೆ ಉಂಟು,” ಎಂದಿದ್ದಳು. ಎಮ್ಮೆಯ ಪ್ಲಗ್ ಕಿತ್ತು, ಬ್ಯಾಟರಿಗಳನ್ನು ಬಿಚ್ಚಿ, ಎಲ್ಲವನ್ನೂ ಪ್ಯಾಸೇಜಿಗೆ ತಳ್ಳಿದರು; ಆಫೀಸಿನಿಂದ ಮನೆಗೆ ಹೋಗುವ ಆ ಪ್ಯಾಸೇಜಿಗೆ ಗಲ್ಲಿಯ ಕಡೆಗೂ ಒಂದು ಬಾಗಿಲು. ಹದಿನೈದಕ್ಕೆ ಡೀಲರ್ ಬಂದು ಅದನ್ನು ಒಯ್ಯಬೇಕು. ಹಳೆಯದನ್ನು ಕೊಡುವ ಮಾತಿನ ಮೇಲೇ ಹೊಸದು ಬಂದದ್ದು.

ಈಗ ಹಳೆಯದೇ ಇಲ್ಲ.

ಕಿಟ್ಟು ಸರ್ ಓಡಿ ಬಂದರು. ಹೊದಿಕೆ ಎತ್ತಿ ನೋಡಿದರು—ಅರವತ್ತು ಕಿಲೋ ಪೆಟ್ಟಿಗೆ ಅದರ ಮಡಿಕೆಯಲ್ಲಿ ಸಿಕ್ಕಿಕೊಂಡಿರಬಹುದು ಎನ್ನುವಂತೆ.

“ಬ್ಯಾಟರಿ?”

“ಬ್ಯಾಟರಿ ಇಲ್ಲೇ ಇದೆ ಸರ್. ನಾಲ್ಕೂ,” ಎಂದೆ.

“ಪುಣ್ಯ. ಅಷ್ಟಾದ್ರೂ ಬಿಟ್ಟು ಹೋದ. ಶನಿವಾರ ಕೊನೆಗೆ ಹೋದೋರು ಯಾರು?”

“ನಾನು.”

“ಗಲ್ಲಿ ಬಾಗಿಲು?”

“ಬೀಗ ಹಾಕಿತ್ತು. ಮೂರು ಸಲ ಎಳೆದು ನೋಡಿದೆ.”

“ಮೂರು ಸಲ?”

“ಅವಳು ಹಾಗೇ ಸರ್,” ಸೇವಂತಿ ನಡುವೆ ಬಾಯಿ ಹಾಕಿದಳು. “ಸ್ಟೇಷನ್‌ವರೆಗೆ ಹೋಗಿ ವಾಪಸ್ ಬಂದು ಎಳೆದು ನೋಡುವ ಜನ.”

“ಈಗ ಬೀಗ?”

“ಹಾಗೇ ಇದೆ. ಒಡೆದಿಲ್ಲ.”

ಕಿಟ್ಟು ಸರ್ ಬೀಗದತ್ತ ತಿರುಗಿದರು. ಆ ಬೀಗಕ್ಕೆ ಎರಡೇ ಕೀಲಿ. ಒಂದು ಅವರ ಹತ್ತಿರ. ಇನ್ನೊಂದು ಮುರಿಗೆಪ್ಪನವರ ಹತ್ತಿರ.

ನಾನು ಹೇಳಿದ್ದು ನಿಜ. ಆದರೆ ಆ ನಿಜ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಹೇಳುವ ಮೊದಲು ಯೋಚಿಸಿರಲಿಲ್ಲ.

ಮುರಿಗೆಪ್ಪನವರು ಗದಗದ ಕಡೆಯವರು, ಧಾರಾವಿಯಲ್ಲಿ ವಾಸ. ಮೂವತ್ತೈದು ವರ್ಷದ ಹಿಂದೆ ಮೊಳೆ ಜೋಡಿಸುವ ಕಂಪಾಜಿಟರ್ ಆಗಿ ಸೇರಿದವರು. ಕಣ್ಣು ಮುಚ್ಚಿ ಮೊಳೆ ಹೆಕ್ಕುತ್ತಿದ್ದರಂತೆ. ಕಂಪ್ಯೂಟರ್ ಬಂದಮೇಲೆ ಅವರಿಗೆ ಉಳಿದದ್ದು ಕಸ, ಚಹಾ, ಶನಿವಾರಕ್ಕೊಮ್ಮೆ ಎಮ್ಮೆಯ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್. ಹೊಸ ಯಂತ್ರ ಬಂದು ಆ ಕೆಲಸವನ್ನೂ ಕಿತ್ತುಕೊಂಡಿತ್ತು. ಬದಲಿಗೆ ಕಿಟ್ಟು ಸರ್ ಒಂದು ಹೊಸ ಕೆಲಸ ಕೊಟ್ಟಿದ್ದರು: ದಿನಾ ಬೆಳಿಗ್ಗೆ ಮೀಟರ್ ನೋಡಿ ಅದರ ಪೆಟ್ಟಿಗೆಯ ಬಾಗಿಲ ಒಳಗಡೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುವುದು. ಹೊಸ ಯುಪಿಎಸ್ ಎಷ್ಟು ಯೂನಿಟ್ ಉಳಿಸುತ್ತದೆ ಎಂದು ನೋಡುವ ಆಸೆ ಅವರಿಗೆ.

ಆ ಹೊತ್ತಿಗೆ ಮುರಿಗೆಪ್ಪನವರು ಪಕ್ಕದ ದೂಜಣ್ಣನ ಹೋಟೆಲಿಗೆ ಚಹಾ ತರಲು ಹೋಗಿದ್ದರು. ಕಿಟ್ಟು ಸರ್ ಅಲ್ಲಿಗೇ ಹೋದರು. ನಾನು ಕೊಡೆ ಹಿಡಿದು ಹಿಂದೆ ಓಡಿದೆ. ಒಳಗೆ ಹತ್ತು ಹದಿನೈದು ಜನ.

“ಯಾವ ಗುಜರಿ ಭಂಗಾರ್‌ವಾಲಾಗೆ ಕೊಟ್ಟೆ? ಕುರ್ಲಾದವನಿಗೋ, ಧಾರಾವಿಯವನಿಗೋ?”

ಮುರಿಗೆಪ್ಪನವರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೈಯಲ್ಲಿ ಚಹಾದ ಕಿಟ್ಲಿ ಇತ್ತು.

“ನಾ ಯಾರಿಗೂ ಏನೂ ಕೊಟ್ಟಿಲ್ರೀ, ಸಣ್ಣ ಧಣ್ಯಾರ.”

“ಕೀಲಿ ನಿನ್ನ ಹತ್ರ ಇದೆ.”

“ಕೀಲಿ ಐತ್ರಿ. ಕಳ್ಳತನ ಇಲ್ರೀ.”

“ಶನಿವಾರದ ತನಕ ಟೈಮ್ ಕೊಡ್ತೀನಿ. ಮಾಲು ಬರಬೇಕು. ಇಲ್ಲಾಂದ್ರೆ ಕೀಲಿ ಇಟ್ಟು ನಡಿ.”

ದೂಜಣ್ಣ ಕೌಂಟರಿನಿಂದ ಎದ್ದು ನಿಂತರು. “ಎಂತ ಮಾರಾಯ್ರೆ, ನಾಲ್ಕು ಜನರ ಎದುರು...”

“ನೀವು ಸುಮ್ನಿರಿ. ಹಪ್ಪಳ ಒಣಗಿಸಕ್ಕೆ ಆ ಪೆಟ್ಟಿಗೆ ಕೊಡಿ ಅಂತ ಕೇಳಿದೋರು ನೀವಲ್ವಾ?”

“ಕೇಳಿದ್ದು ಹೌದು. ಕೇಳುವವ ಕದಿಯುವುದು ಯಾಕೆ?”

ಮುರಿಗೆಪ್ಪನವರು ಕಿಟ್ಲಿಯನ್ನು ಕೌಂಟರಿನ ಮೇಲಿಟ್ಟು ಮಳೆಗೆ ಇಳಿದರು. ಟೋಪಿ ಹಾಕಿಕೊಳ್ಳಲಿಲ್ಲ.

ಕಿಟ್ಟು ಸರ್ ಪೊಲೀಸರಿಗೆ ಹೇಳಲಿಲ್ಲ. ಬಾಣಂತಿ ಮನೆಗೆ ಪೊಲೀಸರು ಬರುವುದು ಬೇಡ ಎಂದರು. ಮನೆಯೊಳಗೂ ಸುದ್ದಿ ಹೋಗಕೂಡದು ಎಂದು ನಮ್ಮಿಬ್ಬರಿಗೂ ತಾಕೀತು ಮಾಡಿದರು. “ಅಮ್ಮ ಗಾಬರಿ ಮಾಡ್ಕೊತಾಳೆ. ಕಳ್ಳ ಬಂದಿದ್ದ ಅಂತ ಗೊತ್ತಾದ್ರೆ ಮಗು ಬಿಟ್ಟು ಏಳಲ್ಲ.”

ಆ ವಾರ ಆಫೀಸಿನಲ್ಲಿ ಮಾತು ಕಡಿಮೆಯಾಯಿತು. ಒದ್ದೆ ಕರವಸ್ತ್ರವನ್ನು ನಾನು ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದೆ, ಸಂಜೆಗೂ ಒಣಗುತ್ತಿರಲಿಲ್ಲ. ಫ್ಯಾನು, ಮಳೆ, ಕೀಲಿಮಣೆಯ ಸದ್ದಿನ ನಡುವೆ ಎಲ್ಲೋ ಎಮ್ಮೆಯ ಗುಂಯ್ ಕೇಳಿದಂತಾಗುತ್ತಿತ್ತು. ತಲೆ ಎತ್ತಿ ನೋಡಿದರೆ ಅದಿದ್ದ ಜಾಗದಲ್ಲಿ ಹಾಲಿನ ಬಣ್ಣದ ಪೆಟ್ಟಿಗೆ. ಮೂರು ವರ್ಷ ಕೇಳಿದ ಕಿವಿ, ಅಷ್ಟು ಬೇಗ ಮರೆಯುತ್ತದೆಯೇ ಎಂದುಕೊಂಡೆ.

ಗುರುವಾರ ಕಿಟ್ಟು ಸರ್ ಮೀಟರ್ ಪೆಟ್ಟಿಗೆಯ ಮುಂದೆ ನಿಂತು ಸಿಡುಕಿದರು.

“ನೋಡಿಲ್ಲಿ. ಹಳೇದಿದ್ದಾಗ ಬಿಲ್ಲಿನ ಲೆಕ್ಕಕ್ಕೆ ದಿನಕ್ಕೆ ಹದಿನಾಲ್ಕು ಯೂನಿಟ್ಟು. ಹೊಸದು ಬಂದ ವಾರ ಹತ್ತು. ಈ ವಾರ ಮತ್ತೆ ಹದಿನಾಲ್ಕು. ಡೀಲರು ಮೋಸ ಮಾಡಿದಾನೆ. ಇದೂ ಅದರ ಹಾಗೇ ತಿನ್ನತ್ತೆ. ಮೊದಲ ವಾರ ಏನೋ ನಾಟಕ ಆಡ್ತು.”

ಮುರಿಗೆಪ್ಪನವರು ಸೀಮೆಸುಣ್ಣ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಅಂಕಿಗಳು ಅವರ ಕೈಯಲ್ಲಿ ಮೊಳೆ ಜೋಡಿಸಿದಷ್ಟು ನೇರ.

ಶುಕ್ರವಾರ ಸಂಜೆ ಅವರು ಬೀಗದ ಕೀಲಿಯನ್ನು ಒರೆಸುತ್ತಿದ್ದುದನ್ನು ನೋಡಿದೆ. ನಾಳೆ ಹಿಂದಿರುಗಿಸುವ ಕೀಲಿಯ ತುಕ್ಕನ್ನು ಒಬ್ಬರು ಯಾಕೆ ಒರೆಸಬೇಕು? ಆ ಸಂಜೆಯೇ ಕುರ್ಲಾ ಸ್ಟೇಷನ್ನಿನಿಂದ ನೇರ ಮಾಮನ ಮನೆಗೆ ಹೋದೆ.

ವೆಂಕಟಸುಬ್ಬಯ್ಯ ನನ್ನ ತಾಯಿಯ ತಮ್ಮ. ವಿದ್ಯುತ್ ಕಂಪನಿಯಲ್ಲಿ ಮೂವತ್ತು ವರ್ಷ ಮೀಟರ್ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಕಳ್ಳತನದ ಕರೆಂಟು ಯಾವ ಗೋಡೆಯೊಳಗೆ ಹರಿಯುತ್ತಿದೆ ಎಂದು ಹುಡುಕಿದವರು. ಎಲ್ಲ ಕೇಳಿ ಅವರು ಕಳ್ಳನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

“ಆ ಸೀಮೆಸುಣ್ಣದ ಲೆಕ್ಕ ಅಳಿಸಿಲ್ಲ ತಾನೇ?”

“ಇಲ್ಲ ಮಾಮ.”

“ನಾಳೆ ಬರ್ತೀನಿ.”

ಶನಿವಾರ ಹನ್ನೊಂದಕ್ಕೆ ಮಾಮ ಬಂದಾಗ ಕೀಲಿ ಆಗಲೇ ಮೇಜಿನ ಮೇಲಿತ್ತು. ಮುರಿಗೆಪ್ಪನವರು ಹೊಸ್ತಿಲ ಹೊರಗೆ, ಕಾಲ ಬಳಿ ಕೈಚೀಲ ಇಟ್ಟುಕೊಂಡು ಕೂತಿದ್ದರು.

“ಎಲ್ಲಿಗೆ ಹೊರಟಿರಿ?” ಮಾಮ ಕೇಳಿದರು.

“ಊರಿಗ್ರೀ. ಇಲ್ಲಿ ಕಳ್ಳ ಅನಿಸ್ಕೊಂಡು ಧಾರಾವಿಯೊಳಗ ಹ್ಯಾಂಗ ಮಾರಿ ತೋರಿಸ್ಲಿ?”

“ಒಂದು ಗಂಟೆ ಕೂತಿರಿ. ಆಮೇಲೆ ನಿಮ್ಮಿಷ್ಟ.”

ಕಿಟ್ಟು ಸರ್‌ಗೆ ಮಾಮನ ಹಳೆಯ ಕೆಲಸ ಗೊತ್ತಾದಾಗ ಮುಖ ಸ್ವಲ್ಪ ಬಿಳುಪಾಯಿತು.

“ಮನೆ, ಆಫೀಸು ಎರಡೂ ಮನೆ ರೇಟಿನ ಒಂದೇ ಮೀಟರಿನಲ್ಲಾ?” ಮಾಮ ಬೋರ್ಡು ನೋಡುತ್ತಾ ಕೇಳಿದರು.

“ಅದು... ಅಪ್ಪನ ಕಾಲದಿಂದ...”

“ನಾನು ರಿಟೈರ್ ಆಗಿದೀನಿ ಬಿಡಿ. ಇವತ್ತು ನಿಮ್ಮ ತಪ್ಪೇ ನಮಗೆ ಉಪಕಾರಕ್ಕೆ ಬರತ್ತೆ.”

ಅವರು ಮೊದಲು ಪ್ಯಾಸೇಜಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬ್ಯಾಟರಿಗಳನ್ನು ನೋಡಿದರು.

“ಕುರ್ಲಾದ ಭಂಗಾರ್ ಗಲ್ಲಿಯಲ್ಲಿ ಸೀಸ ಮೊದಲು ಕೇಳ್ತಾರೆ. ಇದೊಂದೊಂದರಲ್ಲೂ ಎಷ್ಟು ಸೀಸ ಇದೆ ಗೊತ್ತಾ? ಒಬ್ಬನೇ ಕೈಯಲ್ಲಿ ಹಿಡಿದು ಹೋಗಬಹುದು. ಅದನ್ನ ಬಿಟ್ಟು ಅರವತ್ತು ಕಿಲೋ ಪೆಟ್ಟಿಗೆ ಹೊತ್ತ ಕಳ್ಳ ಎಂಥವನು?”

“ಒಳಗೆ ತಾಮ್ರ ಇರತ್ತಲ್ಲ,” ಕಿಟ್ಟು ಸರ್ ಹೇಳಿದರು. “ಟ್ರಾನ್ಸ್‌ಫಾರ್ಮರಿನಲ್ಲಿ.”

“ತಾಮ್ರ ಬೇಕಾದವನು ಸೀಸ ಬೇಡ ಅಂತಾನಾ?”

ಮಾಮ ಒಳಗೆ ಬಂದು ಹೊಸ ಯುಪಿಎಸ್ ಮೇಲೆ ಅಂಗೈ ಇಟ್ಟರು. ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ಬಿಟ್ಟು ತೆಗೆದರು.

“ತಣ್ಣಗಿದೆ.”

“ಯಾವಾಗಲೂ ಹಾಗೇ,” ಎಂದಳು ಸೇವಂತಿ. “ಒಂದು ಕರ್ಚೀಫ್ ಒಣಗುವುದಿಲ್ಲ ಇದರಲ್ಲಿ.”

“ಹಳೇದು?”

“ಅದರ ಮೇಲೆ ಹಪ್ಪಳ ಸುಡಬಹುದಿತ್ತು.”

ಮಾಮ ಕಿಟ್ಟು ಸರ್ ಕಡೆ ತಿರುಗಿದರು. “ಡೀಲರು ಮೋಸ ಮಾಡಿದ ಅಂದ್ರಿ. ಹಳೇದು ಹೊರಗಿನ ಕರೆಂಟನ್ನ ತಾನು ತಗೊಂಡು ಬ್ಯಾಟರಿಗೆ ಒಗ್ಗೋ ಹಾಗೆ ಬದಲಾಯಿಸಿ, ಮತ್ತೆ ಕಂಪ್ಯೂಟರಿಗೆ ಒಗ್ಗೋ ಹಾಗೆ ಬದಲಾಯಿಸಿ ಕೊಡ್ತಿತ್ತು. ದಿನವಿಡೀ ಇದೇ ದುಡಿಮೆ. ಬದಲಾಯಿಸಿದಾಗೆಲ್ಲ ಒಂದಿಷ್ಟು ಸೋರಿ ಬಿಸಿ ಆಗತ್ತೆ. ಹೊಸದು ಹಾಗಲ್ಲ. ಹೊರಗೆ ಕರೆಂಟು ಇರೋ ತನಕ ಅದನ್ನೇ ದಾಟಿಸಿ ಸುಮ್ನೆ ಕೂತಿರತ್ತೆ. ಕರೆಂಟು ಹೋದಾಗ ಮಾತ್ರ ಏಳತ್ತೆ. ಅದಕ್ಕೇ ತಣ್ಣಗಿದೆ. ಇದು ದಿನಕ್ಕೆ ನಾಲ್ಕು ಯೂನಿಟ್ ತಿಂದಿದ್ರೆ ಆ ನಾಲ್ಕು ಯೂನಿಟ್ ಬಿಸಿ ಎಲ್ಲಿ? ಕೈಗೆ ಸಿಗಬೇಕಲ್ಲ?”

“ಹಾಗಾದ್ರೆ ಮುರಿಗೆಪ್ಪ ಸುಳ್ಳು ಅಂಕಿ ಬರೆದಿದಾನೆ.”

ಹೊಸ್ತಿಲಲ್ಲಿ ಕೂತವರು ತಲೆ ಎತ್ತಿದರು. ಎತ್ತಿ ಮತ್ತೆ ತಗ್ಗಿಸಿದರು.

“ನೋಡೇ ಬಿಡೋಣ,” ಎಂದರು ಮಾಮ. “ಆಫೀಸಿನ ಎಲ್ಲ ಸ್ವಿಚ್ ಆರಿಸಿ. ಇದನ್ನೂ.”

ಸೇವಂತಿ ಫ್ಲಾಪಿಗೆ ಕೆಲಸ ಇಳಿಸಿ ಕಂಪ್ಯೂಟರ್ ಆರಿಸಿದಳು. ಫ್ಯಾನು ನಿಂತಿತು. ಹೊಸ ಯುಪಿಎಸ್‌ನ ಹಸಿರು ದೀಪ ಆರಿತು. ಮಾಮ ನನ್ನನ್ನು ಮನೆಯೊಳಗೆ ಕಳಿಸಿದರು: ಫ್ರಿಜ್, ಅಡಿಗೆಮನೆ, ನಡುಮನೆ—ಎಲ್ಲ ಆರಿಸಿ ಬಾ. ಕೌಸಲ್ಯಮ್ಮ ಬಾಣಂತಿ ಕೋಣೆಯಲ್ಲಿದ್ದರು, ಬಾಗಿಲು ಮುಚ್ಚಿತ್ತು. ನಾನು ಎಲ್ಲ ಆರಿಸಿ ಹಿಂತಿರುಗಿದೆ.

ಮಾಮ ಕನ್ನಡಕ ಮೇಲೆತ್ತಿ ಮೀಟರಿನ ಗಾಜಿಗೆ ಮುಖ ಹತ್ತಿರ ತಂದಿದ್ದರು. ಒಳಗಿನ ತಟ್ಟೆಯ ಅಂಚಿನಲ್ಲಿ ಒಂದು ಕೆಂಪು ಗುರುತು. ಅದು ನಿಲ್ಲಬೇಕಿತ್ತು.

ನಿಲ್ಲಲಿಲ್ಲ. ನಿಧಾನವಾಗಿ, ತಪ್ಪದೆ, ಒಂದು ಸುತ್ತು ಬಂತು. ಇನ್ನೊಂದು.

“ಮೂವತ್ತನಾಲ್ಕು ಸೆಕೆಂಡಿಗೆ ಒಂದು ಸುತ್ತು,” ಮಾಮ ಕೈಗಡಿಯಾರ ನೋಡಿ ಹೇಳಿದರು. “ಈ ಮೀಟರಿನಲ್ಲಿ ಆರುನೂರು ಸುತ್ತಿಗೆ ಒಂದು ಯೂನಿಟ್. ಅಂದ್ರೆ ದಿನಕ್ಕೆ ನಾಲ್ಕು ಯೂನಿಟ್ಟಿಗೆ ಸ್ವಲ್ಪ ಜಾಸ್ತಿ. ಮುರಿಗೆಪ್ಪನವರ ಅಂಕಿ ಸರಿಯಾಗ್ತಾ ಇದೆ. ಸರಿಯಾಗ್ತಿಲ್ಲದ್ದು ನಿಮ್ಮ ಮಾತು ಸ್ವಾಮಿ. ನಿಮ್ಮ ಎಮ್ಮೆ ಕುರ್ಲಾಕ್ಕೂ ಹೋಗಿಲ್ಲ, ಧಾರಾವಿಗೂ ಹೋಗಿಲ್ಲ. ಇದೇ ಮೀಟರಿನಲ್ಲಿ ಮೇಯ್ತಾ ಇದೆ.”

ಮಳೆಯ ಸದ್ದು ಮಾತ್ರ ಇತ್ತು. ಇಲ್ಲ—ಮಳೆಯ ಸದ್ದು ಮಾತ್ರ ಅಲ್ಲ. ಫ್ಯಾನು ನಿಂತಿದ್ದರಿಂದಲೋ ಏನೋ, ನನ್ನ ಕಿವಿಯಲ್ಲಿ ಅದು ಮತ್ತೆ ಶುರುವಾಗಿತ್ತು.

“ಮಾಮ,” ಎಂದೆ. ಹೇಳಲು ನಾಚಿಕೆ. “ನನಗೆ ಈ ವಾರವೆಲ್ಲ ಅದರ ಸದ್ದು ಕೇಳಿದ ಹಾಗೇ ಆಗ್ತಿದೆ. ಅಭ್ಯಾಸ ಇರಬೇಕು. ನೆನಪು.”

“ಹೋದ ವಾರ ಕೇಳಿಸ್ತಿತ್ತಾ? ಪ್ಲಗ್ ಕಿತ್ತ ದಿನದಿಂದ?”

ಯೋಚಿಸಿದೆ. ಹೋದ ವಾರ ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಸೇವಂತಿಯ ಬಳೆ ಸದ್ದಿಗೆ ನಾನು ಬೆಚ್ಚುತ್ತಿದ್ದೆ.

“ಇಲ್ಲ. ಈ ವಾರದಿಂದ.”

“ನೆನಪು ಒಂದು ವಾರ ರಜಾ ಹಾಕಿ ಆಮೇಲೆ ಬರಲ್ಲ ಶಾಮಲಾ.” ಅವರು ಹಿಂಗೋಡೆಯ ಹತ್ತಿರ ಹೋಗಿ ಕಿವಿ ಇಟ್ಟರು. ಆಮೇಲೆ ಅಂಗೈ ಇಟ್ಟರು. ಆಮೇಲೆ ಕಿಟ್ಟು ಸರ್ ಕಡೆ ನೋಡಿದರು. “ನಿಮ್ಮ ಮನೇಲಿ ಈ ತಿಂಗಳು ನೀವು ಕಾಲಿಡದ ಕೋಣೆ ಯಾವುದು?”

ಕಿಟ್ಟು ಸರ್ ಗೋಡೆಯ ಕಡೆ ನೋಡಿದರು.

“ಬಾಣಂತಿ ಕೋಣೆ,” ಎಂದರು. “ಗಂಡಸರು ಹೋಗಲ್ಲ. ಮಗೂನ ಬಾಗಿಲಿಗೆ ತಂದು ತೋರಿಸ್ತಾರೆ.”

“ಆ ಕೋಣೇಲಿ ಮೈ ಕಾಯಿಸಕ್ಕೆ ಕೆಂಡ ಇಡ್ತಾರಾ?”

“ಇದ್ದಲು ಬೇಡ ಅಂತ ನಾನೇ ಹೇಳಿದೀನಿ. ಹೊಗೆ ಬಂದ್ರೆ ಫ್ಲಾಪಿಯೆಲ್ಲ ಹಾಳು. ಅಗರಬತ್ತಿ ಕೂಡ ಹಚ್ಚಲ್ಲ.”

“ಜುಲೈ ಮಳೆ. ಎಳೇ ಬಾಣಂತಿ, ಎಳೇ ಕೂಸು. ಒಣಗದ ಬಟ್ಟೆ. ಕೆಂಡ ಬೇಡ ಅಂದ್ರಿ. ಈ ಗೋಡೆ ಆಚೆ ಒಂದನೇ ತಾರೀಖಿನ ತನಕ ಬೆಚ್ಚಗಿತ್ತು; ಅದನ್ನೂ ಕಿತ್ತು ಪ್ಯಾಸೇಜಿಗೆ ತಳ್ಳಿದ್ರಿ. ಬ್ಯಾಟರಿ ಇಲ್ಲದಿದ್ರೂ ಪ್ಲಗ್ ಹಾಕಿದ್ರೆ ಆ ಟ್ರಾನ್ಸ್‌ಫಾರ್ಮರ್ ಬಿಸಿ ಆಗತ್ತೆ, ಗುಂಯ್ ಅನ್ನತ್ತೆ. ಕದ್ದವರಿಗೆ ಸೀಸವೂ ಬೇಡ, ತಾಮ್ರವೂ ಬೇಡ. ಬಿಸಿ ಬೇಕಿತ್ತು. ಗಲ್ಲಿ ಬಾಗಿಲಿನ ಬೀಗ ಯಾಕೆ ಒಡೆದಿಲ್ಲ? ಆ ಬಾಗಿಲಿಗೆ ಯಾರೂ ಹೋಗೇ ಇಲ್ಲ. ಪ್ಯಾಸೇಜಿಗೆ ಇನ್ನೊಂದು ಬಾಗಿಲಿದೆ. ಅಡಿಗೆಮನೆಯದು.”

“ಅಂದ್ರೆ...”

“ಕದ್ದೋರು ನಿಮ್ಮ ತಾಯಿ. ಕೌಸಲ್ಯಮ್ಮ.”

ಸೇವಂತಿ ದುಪಟ್ಟಾ ಬಾಯಿಗೆ ಅಡ್ಡ ಹಿಡಿದಳು. ಕಿಟ್ಟು ಸರ್ ಮುಖ ಕೆಂಪಾಯಿತು. “ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ನಮ್ಮಮ್ಮ...”

“ತಪ್ಪಾಗಿದ್ರೆ ಕಾಲಿಗೆ ಬೀಳ್ತೀನಿ. ನಾನು ಆ ಕೋಣೆಗೆ ಹೋಗೋ ಹಾಗಿಲ್ಲ. ನೀವೂ ಹೋಗಿಲ್ಲ. ಅದಕ್ಕೇ ಇಷ್ಟೆಲ್ಲ ಆಗಿದ್ದು. ಶಾಮಲಾ, ಕೈಕಾಲು ತೊಳೆದು ಹೋಗಿ ನೋಡಿ ಬಾ. ಬೇಗ. ಆ ಪೆಟ್ಟಿಗೆ ಕೂಸಿನ ಹತ್ತಿರ ಇರೋದು ಒಳ್ಳೇದಲ್ಲ.”

ಆ ಕೊನೆಯ ಮಾತಿಗೆ ನಾನು ಕೈಕಾಲು ತೊಳೆದು ಓಡಿದೆ.

ಬಾಗಿಲು ತೆರೆದೊಡನೆ ಮುಖಕ್ಕೆ ಬಡಿದದ್ದು ಮೂರು ವರ್ಷ ನನಗೆ ಗೊತ್ತಿದ್ದ ಬಿಸಿ. ಬಜೆ, ಬೆಳ್ಳುಳ್ಳಿ, ಹರಳೆಣ್ಣೆಯ ವಾಸನೆಯ ನಡುವೆ ಅದು. ಮೂಲೆಯಲ್ಲಿ ಎಮ್ಮೆ. ಅದರ ಮೇಲೆ ಬಿದಿರಿನ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಕೂಸಿನ ಬಟ್ಟೆಗಳು. ಎಡಗಡೆಯ ಮೂಲೆಯಲ್ಲಿ ಒಂದು ಸಣ್ಣ ಕುಲಾವಿ.

“ಬಾಗಿಲು ಹಾಕೇ, ಗಾಳಿ ಬರತ್ತೆ,” ಕೌಸಲ್ಯಮ್ಮ ಕೂಸಿನ ಕಾಲು ನೀವುತ್ತಾ ಹೇಳಿದರು. “ಏನು, ಕಣ್ಣು ಇಷ್ಟಗಲ ಮಾಡ್ಕೊಂಡು ನೋಡ್ತಿದೀಯ? ಪೆಟ್ಟಿಗೆ ನೋಡಿಲ್ವಾ?”

“ಅಜ್ಜಿ, ಇದನ್ನ ನೀವು ತಂದ್ರಾ?”

“ನಾನೂ ಚನ್ನವ್ವನೂ. ಎರೆಯಕ್ಕೆ ಬರ್ತಾಳಲ್ಲ, ಅವಳು. ಭಾನುವಾರ ಕಿಟ್ಟು ಮಾಟುಂಗಕ್ಕೆ ತರಕಾರಿಗೆ ಹೋಗಿದ್ದ. ಚಕ್ರ ಇತ್ತು, ತಳ್ಳಿದ್ವಿ. ನನ್ನ ಬಾಣಂತನದಲ್ಲಿ ನಮ್ಮಮ್ಮ ಮೂರು ಹೊತ್ತೂ ಕೆಂಡ ಇಡ್ತಿದ್ಲು. ಇಲ್ಲಿ ಕೆಂಡ ಇಟ್ರೆ ಕಂಪ್ಯೂಟರಿಗೆ ಕೆಮ್ಮು ಬರತ್ತಂತೆ. ಈ ಗೋಡೆ ಬೆಚ್ಚಗಿತ್ತು ಅಂತ ಸುಮ್ನಿದ್ದೆ. ಅದೂ ತಣ್ಣಗಾಯ್ತು. ಕೂಸು ಅವತ್ತಿನಿಂದ ಒಂದೇ ಸಮ ಅಳು.”

ಮಂಚದ ಮೇಲಿಂದ ವನಮಾಲಾ ಮೆಲ್ಲಗೆ ಹೇಳಿದಳು, “ನಾನು ಬೇಡ ಅಂದೆ. ಅಪ್ಪನಿಗೆ ಹೇಳು ಅಂದೆ.”

“ಕೇಳಿದ್ರೆ ಬೇಡ ಅಂತಿದ್ದ. ಕೇಳದೇ ಇದ್ರೆ ಬೇಡ ಅನ್ನಕ್ಕೆ ಆಗಲ್ಲ.” ಅಜ್ಜಿ ನಕ್ಕರು. “ನಿಮ್ಮಮ್ಮ ಇದ್ದಿದ್ರೆ ಇದಕ್ಕಿಂತ ಚೆನ್ನಾಗಿ ನೋಡ್ಕೊತಿದ್ಲು. ನನ್ನ ಕೈಲಿ ಆಗೋದು ಇಷ್ಟು.”

ಹೇಳದೆ ಇರಬಹುದಿತ್ತು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಹೊಸ್ತಿಲ ಹೊರಗೆ ಒಂದು ಕೈಚೀಲವಿತ್ತು.

“ಅಜ್ಜಿ, ಇದನ್ನ ಮುರಿಗೆಪ್ಪನವರು ಕದ್ದರು ಅಂತ ಕೆಲಸದಿಂದ ತೆಗೀತಿದಾರೆ. ಇವತ್ತೇ.”

ನೀವುತ್ತಿದ್ದ ಕೈ ನಿಂತಿತು. ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಜ್ಜಿ ಕೂಸನ್ನು ವನಮಾಲಾಳ ಪಕ್ಕ ಮಲಗಿಸಿ, ಗೋಡೆ ಹಿಡಿದು ಎದ್ದರು. ಆ ಮನೆಗೆ ಸೊಸೆಯಾಗಿ ಬಂದ ಐವತ್ತು ವರ್ಷದಲ್ಲಿ ಅವರು ಪ್ರೆಸ್ಸಿಗೆ ಕಾಲಿಟ್ಟಿರಲಿಲ್ಲವಂತೆ. ಅವತ್ತು ಪ್ಯಾಸೇಜ್ ದಾಟಿ ನೇರ ಆಫೀಸಿಗೆ ಬಂದರು. ಕೈಯಲ್ಲಿ ಇನ್ನೂ ಎಣ್ಣೆ.

“ಕಿಟ್ಟು, ಪೆಟ್ಟಿಗೆ ನನ್ನ ಹತ್ರ ಇದೆ.”

ಕಿಟ್ಟು ಸರ್ ಹೊಸ್ತಿಲ ಕಡೆ ತಿರುಗಿದರು.

“ಕಳ್ಳ ಅನ್ನಬೇಕಾದ್ರೆ ನನ್ನನ್ನ ಅನ್ನು. ಅವನನ್ನ ಯಾಕೆ ಅಂದೆ? ನೀನು ಚಡ್ಡಿ ಹಾಕ್ಕೊಂಡು ಓಡಾಡೋ ಕಾಲದಿಂದ ಇದಾನಲ್ಲೋ. ನಿಮ್ಮಪ್ಪ ಹೋದಾಗ ಹೆಗಲು ಕೊಟ್ಟವನು.”

ಮುರಿಗೆಪ್ಪನವರು ಎದ್ದು ನಿಂತಿದ್ದರು. “ಇರ್ಲಿ ಬಿಡ್ರಿ ಅವ್ವಾರ. ನಿಮ್ಮ ಕೈಯಾಗ ಐತಿ ಅಂದ್ರ ಕಳವ ಆಗೇ ಇಲ್ಲ.”

“ಮುರಿಗೆಪ್ಪ,” ಕಿಟ್ಟು ಸರ್ ಮೇಜಿನ ಮೇಲಿನ ಕೀಲಿ ಎತ್ತಿ ಮುಂದೆ ಚಾಚಿದರು. “ತಗೋ. ತಪ್ಪಾಯ್ತು.”

ಮುರಿಗೆಪ್ಪನವರು ಕೀಲಿ ನೋಡಿದರು. ಕೈ ಮುಂದೆ ಬರಲಿಲ್ಲ.

“ಇಲ್ಲಿ ನೀವ ಮೂರು ನಾಕು ಮಂದಿ ಅದೀರಿ, ಸಣ್ಣ ಧಣ್ಯಾರ. ನಿಮಗ ನಾ ಕಳ್ಳ ಅಲ್ಲ ಅಂತ ಮೊದಲ ಗೊತ್ತಿತ್ತು. ನೀವ ಅಂದದ್ದು ಹೋಟೆಲಿನ್ಯಾಗ.”

ಮಾಮ ಮೀಟರ್ ಪೆಟ್ಟಿಗೆಯ ಬಾಗಿಲು ಮುಚ್ಚಿ ನನ್ನ ಕಡೆ ನೋಡಿದರು.

ಎಮ್ಮೆಯನ್ನು ಬಾಣಂತಿ ಕೋಣೆಯಿಂದ ಹೊರಗೆ ತರಿಸಿದ್ದು ಮಾಮ. ಅದರ ವೈರನ್ನು ಅರ್ಥಿಂಗ್ ಇಲ್ಲದ ಎರಡೇ ಕಡ್ಡಿಯ ಪ್ಲಗ್ಗಿಗೆ ಸಿಕ್ಕಿಸಿದ್ದನ್ನು ನೋಡಿ, ಯಾರಿಗೂ ಶಾಕ್ ಹೊಡೆಯದಿದ್ದದ್ದು ಪುಣ್ಯ ಎಂದರು. ಗೋಡೆಯ ಈಚೆ, ಅದು ಮೊದಲು ನಿಂತಿದ್ದ ಜಾಗದಲ್ಲೇ ಇಟ್ಟು, ಸರಿಯಾದ ಮೂರು ಕಡ್ಡಿಯ ಪ್ಲಗ್ ಹಾಕಿಸಿದರು. ಬಾಣಂತನ ಮುಗಿಯುವ ತನಕ ಗೋಡೆ ಬೆಚ್ಚಗಿರಲಿ, ಡೀಲರು ಕಾಯಲಿ ಎಂದರು. ಆದರೆ ಅದೆಲ್ಲ ಆದದ್ದು ಮಧ್ಯಾಹ್ನದ ಮೇಲೆ. ಅದಕ್ಕೂ ಮೊದಲು ಕಿಟ್ಟು ಸರ್ ಚಪ್ಪಲಿ ಮೆಟ್ಟಿದರು. ಕೊಡೆ ತೆಗೆದುಕೊಳ್ಳುವುದನ್ನೂ ಮರೆತರು.

ದೂಜಣ್ಣನ ಹೋಟೆಲಿನಲ್ಲಿ ಊಟದ ಹೊತ್ತಿನ ಗದ್ದಲ. ಸೋಮವಾರಕ್ಕಿಂತ ಜನ ಹೆಚ್ಚು. ಕಿಟ್ಟು ಸರ್ ಕೌಂಟರಿನ ಪಕ್ಕ ನಿಂತರು. ಕೂದಲಿಂದ ನೀರು ಇಳಿಯುತ್ತಿತ್ತು. ಮುರಿಗೆಪ್ಪನವರು ಬಾಗಿಲ ಬಳಿ, ನಾನು ಅವರ ಹಿಂದೆ.

“ಸೋಮವಾರ ನಾನಿಲ್ಲಿ ಒಂದು ಮಾತು ಅಂದಿದ್ದೆ,” ಕಿಟ್ಟು ಸರ್ ಶುರು ಮಾಡಿದರು. ಯಾರಿಗೂ ಕೇಳಿಸಲಿಲ್ಲ.

ದೂಜಣ್ಣ ಸೌಟಿನಿಂದ ಪಾತ್ರೆಗೆ ಎರಡು ಸಲ ಬಡಿದರು. “ಸ್ವಲ್ಪ ಕೇಳಿ ಮಾರಾಯ್ರೆ. ಸಾಬ್ ಮಾತಾಡ್ತಾ ಇದ್ದಾರೆ.”

ಸದ್ದಡಗಿತು.

“ಮುರಿಗೆಪ್ಪ ಕದ್ದ ಅಂದೆ. ಕದ್ದಿಲ್ಲ. ಮಾಲು ನನ್ನ ಮನೇಲೇ ಇತ್ತು. ನಾನು ನೋಡಿರಲಿಲ್ಲ. ನೋಡದೇ ಅಂದೆ.” ಕಿಟ್ಟು ಸರ್ ಮುಖದ ನೀರು ಒರೆಸಿಕೊಂಡರು. “ಅಷ್ಟೇ.”

ಯಾರೋ ಮರಾಠಿಯಲ್ಲಿ ಪಕ್ಕದವನಿಗೆ ಅರ್ಥ ಹೇಳುತ್ತಿದ್ದರು. ಕಿಟ್ಟು ಸರ್‌ಗೆ ಹೊರಗೆ ಹೋಗುವುದೋ ನಿಲ್ಲುವುದೋ ತಿಳಿಯಲಿಲ್ಲ. ಕೀಲಿ ಇನ್ನೂ ಮುಷ್ಟಿಯಲ್ಲಿತ್ತು.

ಮುರಿಗೆಪ್ಪನವರು ಕೈಚೀಲವನ್ನು ಗೋಡೆಗೆ ಒರಗಿಸಿ ಇಟ್ಟರು. ಮೂಲೆಯ ಮೇಜಿನ ಹತ್ತಿರ ಹೋಗಿ ಎರಡು ಕುರ್ಚಿ ಎಳೆದರು. ಅಲ್ಲಿ ಅವರು ಕೂತು ಚಹಾ ಕುಡಿದದ್ದನ್ನು ನಾನು ನೋಡಿರಲಿಲ್ಲ. ಯಾವಾಗಲೂ ಕಿಟ್ಲಿ ತುಂಬಿಸಿಕೊಂಡು ಹೊರಟುಬಿಡುತ್ತಿದ್ದರು.

“ಕೂಡ್ರಿ, ಸಣ್ಣ ಧಣ್ಯಾರ,” ಎಂದರು. “ಬಾಯಿ ಒಣಗೇತಿ ನಿಮಗ.”

ಕಿಟ್ಟು ಸರ್ ಕೂತರು. ಮುರಿಗೆಪ್ಪನವರು ಎದುರಿಗೆ ಕೂತು, ಮೇಜಿನ ಮೇಲೆ ಅಂಗೈ ಚಾಚಿ, ಕೀಲಿಗಾಗಿ ಕಾದರು.